ಕೊರಿಯಾದ ಕಾಲ್ಚೆಂಡಿನ ಗುರು ಕಿಮ್ ಯೋಂಗ್ ಸಿಕ್

ಶಾಲಾ ಸಂಚಿಕೆಗಳಲ್ಲಿ ಮಹನೀಯರ ಜೀವನಚರಿತ್ರೆಯನ್ನು ಬರೆಯುವ ವಾಡಿಕೆ ಹಿಂದಿನಿಂದಲೂ ಬಂದಿದೆ. ಅವು ಹೆಚ್ಚಾಗಿ ಗೆದ್ದವರ ಚರಿತ್ರೆಗಳು. ಪದಕ ಪಡೆದವರು, ರಾಜ್ಯ ಕಟ್ಟಿದವರು, ಹೊಸದನ್ನು ಕಂಡುಹಿಡಿದವರು ಅಲ್ಲಿ ಬರುತ್ತಾರೆ. ಈ ಸಲ ನಾವು ಆರಿಸಿಕೊಂಡ ವ್ಯಕ್ತಿ ಅವರಿಗಿಂತ ಸ್ವಲ್ಪ ಭಿನ್ನ. ಇವರು ತರಬೇತುದಾರರಾಗಿ ತಮ್ಮ ದೇಶದ ತಂಡವನ್ನು ಒಮ್ಮೆ ವಿಶ್ವಕಪ್ ಕಾಲ್ಚೆಂಡಿನ ಪಂದ್ಯಾವಳಿಗೆ ಕರೆದೊಯ್ದರು. ಆಡಿದ್ದು ಎರಡೇ ಪಂದ್ಯ. ಮೊದಲನೆಯದರಲ್ಲಿ 9 ಗೋಲುಗಳಿಂದ, ಎರಡನೆಯದರಲ್ಲಿ 7 ಗೋಲುಗಳಿಂದ ಸೋಲು. ತಾವು ಹೊಡೆದ ಗೋಲು ಒಂದೂ ಇಲ್ಲ. ಹೀಗಿದ್ದರೂ ದಕ್ಷಿಣ ಕೊರಿಯಾದ ಫುಟ್‌ಬಾಲ್ ಸಂಸ್ಥೆ 2005ರಲ್ಲಿ ತನ್ನ ಕೀರ್ತಿಮಂದಿರವನ್ನು ತೆರೆದಾಗ ಮೊದಲು ಸೇರಿಸಿದ ಏಳು ಹೆಸರುಗಳಲ್ಲಿ ಇವರದೂ ಒಂದಾಗಿತ್ತು. ಆಗ ಅವರು ತೀರಿಕೊಂಡು ಇಪ್ಪತ್ತು ವರ್ಷಗಳಾಗಿದ್ದುವು. ಅಷ್ಟು ದೊಡ್ಡ ಸೋಲನ್ನು ಕಂಡವರಿಗೆ ಅಷ್ಟು ದೊಡ್ಡ ಗೌರವವೇಕೆ? ಈ ಪ್ರಶ್ನೆಗೆ ಉತ್ತರ ಅವರ ಬದುಕಿನಲ್ಲಿದೆ.

ಅವರ ಹೆಸರು ಕಿಮ್ ಯೋಂಗ್ ಸಿಕ್. ಕೊರಿಯಾದವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ. ಕಿಮ್ ಎಂಬುದು ಮನೆತನ, ಯೋಂಗ್ ಸಿಕ್ ಎಂಬುದು ಇಟ್ಟ ಹೆಸರು. ಅವರು ಜನಿಸಿದುದು 1910ರ ಜುಲೈ 25ರಂದು, ಹ್ವಾಂಗ್ಹೇ ಪ್ರಾಂತ್ಯದ ಸಿಂಚೋನ್ ಎಂಬಲ್ಲಿ. ಮಗು ಹುಟ್ಟಿ ತಿಂಗಳು ತುಂಬುವ ಹೊತ್ತಿಗೆ ದೇಶವೇ ಕೈತಪ್ಪಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಜಪಾನು ಕೊರಿಯಾವನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. ಮುಂದಿನ 35 ವರ್ಷಗಳ ಕಾಲ ಕೊರಿಯಾ ಎಂಬ ಹೆಸರಿನ ಸ್ವತಂತ್ರ ದೇಶವು ಭೂಪಟದಲ್ಲಿರಲಿಲ್ಲ. ಹೀಗೆ ಯೋಂಗ್ ಸಿಕ್ ಅವರು ಬಾಲ್ಯವನ್ನೂ ಯೌವನವನ್ನೂ ಕಳೆದುದು ಪರರ ಆಳ್ವಿಕೆಯಲ್ಲಿ.

ತಂದೆ ಕಿಮ್ ಇಕ್ ದು ಅವರು ಪ್ರಸಿದ್ಧ ಕ್ರೈಸ್ತ ಪಾದ್ರಿಗಳು. ಅವರ ಪ್ರವಚನ ಕೇಳಲು ಸಾವಿರಾರು ಜನ ನೆರೆಯುತ್ತಿದ್ದರು. ಮನೆಯಲ್ಲಿ ಪ್ರಾರ್ಥನೆ, ಶಿಸ್ತು, ಹೊತ್ತಿಗೆ ಸರಿಯಾಗಿ ಕೆಲಸ. ಮದ್ಯಕ್ಕೂ ತಂಬಾಕಿಗೂ ಅಲ್ಲಿ ಎಡೆಯಿರಲಿಲ್ಲ. ಮಗ ಆರಿಸಿಕೊಂಡುದು ಪ್ರವಚನದ ಪೀಠವನ್ನಲ್ಲ, ಆಟದ ಬಯಲನ್ನು. ಆದರೆ ಮನೆಯಲ್ಲಿ ಕಲಿತ ಶಿಸ್ತು ಬಯಲಿಗೂ ಅವರ ಜೊತೆಗೇ ಬಂತು. ಶರೀರವನ್ನು ಕೆಡಿಸುವ ಯಾವ ಚಟವೂ ಅವರನ್ನು ಮುಟ್ಟಲಿಲ್ಲ. ಹೆಚ್ಚಿನ ಆಟಗಾರರು ಮೂವತ್ತು ದಾಟುವಾಗ ಕಾಲು ಸೋತು ಹಿಂದೆ ಸರಿಯುವ ಆಟದಲ್ಲಿ ಇವರು ನಾಲ್ವತ್ತೆರಡು ವರ್ಷದವರೆಗೆ ಆಡಿದರೆಂದರೆ ಅದರ ಗುಟ್ಟು ಇಲ್ಲಿದೆ.

ಕೊರಿಯಾಕ್ಕೆ ಕಾಲ್ಚೆಂಡು ಹೇಗೆ ಬಂತು ಎಂಬುದನ್ನು ಇಲ್ಲಿ ಹೇಳಬೇಕು. 1880ರ ದಶಕದ ಆರಂಭದಲ್ಲಿ ಇಂಚೋನ್ ಬಂದರಿಗೆ ಬಂದ ಬ್ರಿಟಿಷ್ ಯುದ್ಧನೌಕೆಯ ನಾವಿಕರು ದಡದಲ್ಲಿ ಚೆಂಡನ್ನು ಒದ್ದು ಆಡಿದರೆಂದೂ, ನೋಡನೋಡುತ್ತಾ ಊರ ಹುಡುಗರು ಅದನ್ನು ಕಲಿತರೆಂದೂ ಅಲ್ಲಿ ಪ್ರತೀತಿ. ಅನಂತರ ಮಿಷನ್ ಶಾಲೆಗಳು ಆಟವನ್ನು ಬೆಳೆಸಿದವು. ನಮ್ಮ ದೇಶದಲ್ಲಿಯೂ ಈ ಆಟ ಬಂದುದು ಸುಮಾರಾಗಿ ಇದೇ ದಾರಿಯಲ್ಲಿ, ಸಿಪಾಯಿಗಳಿಂದ ಮತ್ತು ಶಾಲೆಗಳಿಂದ. ಕಾಲ್ಚೆಂಡಿಗೆ ದುಬಾರಿ ಸಾಮಗ್ರಿ ಬೇಡ. ಒಂದು ಚೆಂಡು, ಒಂದಿಷ್ಟು ಸಮತಟ್ಟಾದ ಜಾಗ ಇದ್ದರೆ ಸಾಕು. ಕೊಯ್ಲು ಮುಗಿದ ಗದ್ದೆಗಳಲ್ಲಿ ಏಳೇಳು ಮಂದಿಯ ತಂಡ ಕಟ್ಟಿಕೊಂಡು ಆಡುವ ನಮ್ಮ ಊರಿನ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಯೋಂಗ್ ಸಿಕ್ ಸಿಯೋಲ್ ನಗರದ ಕ್ಯೋಂಗ್‌ಶಿನ್ ಎಂಬ ಮಿಷನ್ ಶಾಲೆಯಲ್ಲಿ ಓದಿದರು. ಮುಂದೆ ಬೋಸೋಂಗ್ ಕಾಲೇಜನ್ನು ಸೇರಿದರು. ಎರಡೂ ಕಡೆ ಪಾಠದ ಜೊತೆಗೆ ಆಟ ನಡೆಯಿತು. ಆ ದಿನಗಳಲ್ಲಿ ಕೊರಿಯಾದ ಜನರು ಹಬ್ಬದಂತೆ ಕಾಯುತ್ತಿದ್ದ ಪಂದ್ಯವೊಂದಿತ್ತು. ಅದು ಸಿಯೋಲ್ ಮತ್ತು ಪ್ಯೋಂಗ್ಯಾಂಗ್ ನಗರಗಳ ನಡುವಣ ಪಂದ್ಯ. 1929ರಲ್ಲಿ ಇದು ಆರಂಭವಾಯಿತು. ರಾಜಕೀಯ ಸಭೆ ನಡೆಸಲು ಅವಕಾಶವಿಲ್ಲದ ಕಾಲದಲ್ಲಿ ಸಾವಿರಾರು ಜನ ಒಂದೆಡೆ ಸೇರಿ ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಕೂಗಬಹುದಾದ ಜಾಗವೆಂದರೆ ಆಟದ ಬಯಲು ಒಂದೇ. ಯೋಂಗ್ ಸಿಕ್ ಸಿಯೋಲಿನ ಪರವಾಗಿ ಆಡಿ ಹೆಸರು ಪಡೆದರು. ಮುಂದೆ ಪ್ಯೋಂಗ್ಯಾಂಗ್ ತಂಡಕ್ಕೂ ಆಡಿದರು. ಎರಡೂ ಊರಿನವರು ಅವರನ್ನು ನಮ್ಮವರು ಎಂದುಕೊಂಡರು.

ಅವರು ಆಡುತ್ತಿದ್ದ ಸ್ಥಾನ ಹಾಫ್ ಬ್ಯಾಕ್. ಕಾಲ್ಚೆಂಡಿನಲ್ಲಿ ಗೋಲು ಹೊಡೆದವನ ಹೆಸರು ಮನೆಮಾತಾಗುತ್ತದೆ. ಹಾಫ್ ಬ್ಯಾಕ್ ಆಟಗಾರನ ಕೆಲಸ ಅಷ್ಟಾಗಿ ಕಣ್ಣಿಗೆ ಬೀಳದು. ಎದುರಾಳಿಯ ಕಾಲಿನಿಂದ ಚೆಂಡನ್ನು ಕಿತ್ತುಕೊಳ್ಳಬೇಕು, ಮುಂದಿರುವ ಜೊತೆಗಾರನಿಗೆ ಸರಿಯಾದ ಹೊತ್ತಿನಲ್ಲಿ ದಾಟಿಸಬೇಕು, ಮತ್ತೆ ಹಿಂದಕ್ಕೆ ಓಡಿಬಂದು ಕಾವಲು ನಿಲ್ಲಬೇಕು. ಬಯಲಿನ ನಡುವೆ ನಿಂತು ಇಡೀ ಆಟವನ್ನು ನೋಡುವವನು ಅವನು. ಆಟಗಾರರಾಗಿದ್ದವರು ಮುಂದೆ ಒಳ್ಳೆಯ ತರಬೇತುದಾರರಾಗುವುದಕ್ಕೆ ಈ ಸ್ಥಾನದ ಅನುಭವ ತುಂಬ ಸಹಾಯಕ ಎಂದು ಬಲ್ಲವರು ಹೇಳುವುದುಂಟು.

1935ನೆಯ ಇಸವಿ ಕೊರಿಯಾದ ಕ್ರೀಡಾ ಚರಿತ್ರೆಯಲ್ಲಿ ಮರೆಯಲಾಗದ್ದು. ಆ ವರ್ಷ ಸಿಯೋಲಿನ ತಂಡ ಟೋಕಿಯೋಗೆ ಹೋಗಿ ಅಖಿಲ ಜಪಾನ್ ಪಂದ್ಯಾವಳಿಯನ್ನೇ ಗೆದ್ದುಕೊಂಡಿತು. ಅದೇ ವರ್ಷ ಮೇಜಿ ದೇಗುಲದ ಕ್ರೀಡಾಕೂಟದಲ್ಲಿಯೂ ಅದೇ ತಂಡಕ್ಕೆ ಜಯ. ಆಳುವವರನ್ನು ಆಳಿಸಿಕೊಳ್ಳುವವರು ಆಟದಲ್ಲಿ ಸೋಲಿಸಿದ್ದರು. ಮರುವರ್ಷ ಬರ್ಲಿನ್ ಒಲಿಂಪಿಕ್ ಕ್ರೀಡಾಕೂಟವಿತ್ತು. ಗೆದ್ದ ತಂಡದಿಂದಲೇ ಹೆಚ್ಚಿನ ಆಟಗಾರರನ್ನು ಆರಿಸಬೇಕೆಂದು ಕೊರಿಯಾದವರು ನಿರೀಕ್ಷಿಸಿದರು. ಆದರೆ ಪಟ್ಟಿ ಹೊರಬಂದಾಗ ಅದರಲ್ಲಿದ್ದ ಕೊರಿಯಾದವರು ಇಬ್ಬರು ಮಾತ್ರ. ಒಬ್ಬರು ಕಿಮ್ ಯೋಂಗ್ ಸಿಕ್, ಇನ್ನೊಬ್ಬರು ಕಿಮ್ ಯೋಂಗ್ ಗುನ್. ಉಳಿದವರಲ್ಲಿ ಹೆಚ್ಚಿನವರು ಟೋಕಿಯೋದ ವಸೇಡಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು.

ಈ ತಾರತಮ್ಯವನ್ನು ಸಹಿಸದೆ ಕಿಮ್ ಯೋಂಗ್ ಗುನ್ ಹಿಂದಕ್ಕೆ ಬಂದರು. ಕಿಮ್ ಯೋಂಗ್ ಸಿಕ್ ಹೋದರು. ವಿದ್ಯಾರ್ಥಿಗಳೇ, ಇಬ್ಬರಲ್ಲಿ ಯಾರು ಮಾಡಿದುದು ಸರಿ? ಈ ಪ್ರಶ್ನೆಯನ್ನು ನೀವು ತರಗತಿಯಲ್ಲಿ ಚರ್ಚೆಗೆ ಇಟ್ಟುಕೊಳ್ಳಬಹುದು. ಅನ್ಯಾಯವಾದಲ್ಲಿ ನಿಲ್ಲಲಾರೆನೆಂದು ಎದ್ದು ಬಂದವರ ಸ್ವಾಭಿಮಾನವನ್ನು ಯಾರೂ ಅಲ್ಲಗಳೆಯಲಾರರು. ಅದೇ ರೀತಿ, ಜಗತ್ತಿನ ಎದುರು ನಮ್ಮ ನಾಡಿನ ಆಟ ಹೇಗಿದೆಯೆಂದು ತೋರಿಸಲು ಒಬ್ಬನಾದರೂ ಹೋಗಬೇಕು, ಕಲಿಯಬೇಕಾದುದನ್ನು ಕಲಿತು ಬರಬೇಕು ಎಂಬ ಯೋಚನೆಯಲ್ಲಿಯೂ ತಪ್ಪಿಲ್ಲ. ನಾವು ಇಬ್ಬರಲ್ಲಿ ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ಹಳಿಯಬೇಕಾಗಿಲ್ಲ. ಯೋಂಗ್ ಸಿಕ್ ಅವರ ನಿರ್ಧಾರದ ಫಲವನ್ನು ಮಾತ್ರ ಮುಂದಿನ ಐವತ್ತು ವರ್ಷಗಳ ಚರಿತ್ರೆಯಲ್ಲಿ ಕಾಣಬಹುದಾಗಿದೆ.

ತಂಡವು ಸೈಬೀರಿಯಾದ ರೈಲುಮಾರ್ಗವಾಗಿ ಬರ್ಲಿನಿಗೆ ಹೋಯಿತು. ಅಲ್ಲಿಯ ಕ್ಲಬ್ಬುಗಳೊಡನೆ ಆಡಿದ ಅಭ್ಯಾಸದ ಪಂದ್ಯಗಳಲ್ಲಿ ಸೋಲಾಯಿತು. ಆಗ ಅವರು ಒಂದು ಹೊಸ ಸಂಗತಿಯನ್ನು ಗಮನಿಸಿದರು. ಯೂರೋಪಿನ ತಂಡಗಳು ಹಿಂದುಗಡೆ ಇಬ್ಬರ ಬದಲಿಗೆ ಮೂವರನ್ನು ಕಾವಲಿಗೆ ನಿಲ್ಲಿಸುತ್ತಿದ್ದುವು. ಒಲಿಂಪಿಕ್ ಪಂದ್ಯಕ್ಕೆ ಮೊದಲು ಇವರೂ ಆ ಕ್ರಮವನ್ನು ರೂಢಿಸಿಕೊಂಡರು. 1936ರ ಆಗಸ್ಟ್ 4ರಂದು ಎದುರಾದುದು ಬಲಿಷ್ಠವಾದ ಸ್ವೀಡನ್. ಅರ್ಧ ಆಟ ಮುಗಿದಾಗ ಸ್ವೀಡನ್ 2, ಜಪಾನ್ 0. ಉಳಿದರ್ಧದಲ್ಲಿ ಜಪಾನ್ ಮೂರು ಗೋಲು ಹೊಡೆದು 3-2ರಿಂದ ಗೆದ್ದಿತು. ನೋಡಿದವರು ಬೆರಗಾದರು. ಮೂರು ದಿನಗಳ ಅನಂತರ ಇಟಲಿಯೊಡನೆ ಪಂದ್ಯ. ಅದರಲ್ಲಿ 8-0ರ ಸೋಲು. ಆ ಇಟಲಿಯೇ ಚಿನ್ನದ ಪದಕ ಪಡೆಯಿತು.

ಯೋಂಗ್ ಸಿಕ್ ಅವರಿಗೆ ಈ ಗೆಲವಿನ ಸವಿ ಪೂರ್ತಿಯಾಗಿ ಸಿಗುವಂತಿರಲಿಲ್ಲ. ಎದೆಯ ಮೇಲಿದ್ದುದು ಜಪಾನಿನ ಚಿಹ್ನೆ. ಅದೇ ಬರ್ಲಿನಿನಲ್ಲಿ ಆಗಸ್ಟ್ 9ರಂದು ಮ್ಯಾರಥಾನ್ ಓಟವನ್ನು ಗೆದ್ದ ಸೋನ್ ಕೀ ಚುಂಗ್ ಕೂಡ ಕೊರಿಯಾದವರೇ. ಮೂರನೆಯ ಸ್ಥಾನ ಪಡೆದ ನಾಮ್ ಸುಂಗ್ ಯೋಂಗ್ ಸಹ ಕೊರಿಯಾದವರು. ಚಿನ್ನದ ಪದಕದ ವೇದಿಕೆಯಲ್ಲಿ ಪರರ ಧ್ವಜ ಏರುವಾಗ ಅವರಿಬ್ಬರೂ ತಲೆ ತಗ್ಗಿಸಿ ನಿಂತ ಚಿತ್ರವನ್ನು ಜಗತ್ತು ಇಂದಿಗೂ ಮರೆತಿಲ್ಲ. ಸಿಯೋಲಿನ ಪತ್ರಿಕೆಯೊಂದು ಆ ಚಿತ್ರವನ್ನು ಅಚ್ಚುಮಾಡುವಾಗ ಓಟಗಾರನ ಎದೆಯ ಮೇಲಿದ್ದ ಜಪಾನಿನ ಧ್ವಜವನ್ನು ಅಳಿಸಿಬಿಟ್ಟಿತು. ಅದಕ್ಕಾಗಿ ಸರಕಾರವು ಪತ್ರಿಕೆಯನ್ನು ತಿಂಗಳುಗಟ್ಟಲೆ ನಿಲ್ಲಿಸಿತು, ಪತ್ರಕರ್ತರನ್ನು ಸೆರೆಹಿಡಿಯಿತು.

ಅನಂತರದ ವರ್ಷಗಳು ಇನ್ನೂ ಕಠಿಣವಾದುವು. 1938ರ ಬಳಿಕ ಶಾಲೆಗಳಲ್ಲಿ ಕೊರಿಯಾ ಭಾಷೆ ಕಡ್ಡಾಯ ಪಾಠವಾಗಿ ಉಳಿಯಲಿಲ್ಲ. ಕ್ರಮೇಣ ಅದನ್ನು ಕಲಿಸುವುದೇ ನಿಂತಿತು. 1940ರಿಂದ ಜನರು ತಮ್ಮ ಮನೆತನದ ಹೆಸರನ್ನು ಬಿಟ್ಟು ಜಪಾನೀ ಹೆಸರಿಟ್ಟುಕೊಳ್ಳುವಂತೆ ಒತ್ತಡ ಬಂತು. ಮಾತೃಭಾಷೆಯಲ್ಲಿ ಪಾಠ ಕೇಳುವ ಭಾಗ್ಯ ನಮ್ಮ ಮಕ್ಕಳಿಗಿದೆ. ಅದು ಎಷ್ಟು ದೊಡ್ಡದೆಂಬುದು ಇಂತಹ ಚರಿತ್ರೆಯನ್ನು ಓದಿದಾಗ ಮನವರಿಕೆಯಾಗುತ್ತದೆ.

1945ರ ಆಗಸ್ಟ್ 15ರಂದು ಕೊರಿಯಾಕ್ಕೆ ಬಿಡುಗಡೆಯಾಯಿತು. ತಾರೀಕನ್ನು ಗಮನಿಸಿರಿ. ಸರಿಯಾಗಿ ಎರಡು ವರ್ಷಗಳ ಬಳಿಕ ಅದೇ ದಿನ ನಮ್ಮ ದೇಶವೂ ಸ್ವತಂತ್ರವಾಯಿತು. ಎರಡು ಕಡೆಯೂ ಸಂತೋಷದ ಬೆನ್ನಿಗೇ ವಿಭಜನೆಯ ದುಃಖ ಬಂತು. ಕೊರಿಯಾವನ್ನು 38ನೆಯ ಅಕ್ಷಾಂಶದಲ್ಲಿ ಎರಡಾಗಿ ಭಾಗಿಸಲಾಯಿತು. ಸಿಯೋಲ್ ದಕ್ಷಿಣದಲ್ಲಿ, ಪ್ಯೋಂಗ್ಯಾಂಗ್ ಉತ್ತರದಲ್ಲಿ. ಎರಡು ನಗರಗಳ ಆ ಹಬ್ಬದಂತಹ ಪಂದ್ಯವೂ 1946ರಲ್ಲಿ ಒಮ್ಮೆ ನಡೆದು ನಿಂತುಹೋಯಿತು. ಯೋಂಗ್ ಸಿಕ್ ಅವರ ಹುಟ್ಟೂರಾದ ಸಿಂಚೋನ್ ಇಂದು ಉತ್ತರ ಕೊರಿಯಾದಲ್ಲಿದೆ. ಗಡಿ ಎಂಬ ಮಾತು ನಮಗೆ ಹೊಸದಲ್ಲ. ಆದರೆ ನಮ್ಮವರು ಬೆಳಗ್ಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಸಂಜೆಗೆ ಮರಳಿ ಬರುತ್ತಾರೆ. ಅಲ್ಲಿಯ ಗಡಿ ಅಂತಹದಲ್ಲ. ಒಂದು ಪತ್ರವೂ ದಾಟಲಾರದ ಗಡಿ ಅದು.

1948ರಲ್ಲಿ ಲಂಡನ್ ಒಲಿಂಪಿಕ್ಸ್ ಬಂತು. ಕೊರಿಯಾ ತನ್ನದೇ ಹೆಸರಿನಲ್ಲಿ, ತನ್ನದೇ ಧ್ವಜದೊಂದಿಗೆ ಬೇಸಗೆಯ ಒಲಿಂಪಿಕ್ಸಿಗೆ ಮೊದಲ ಬಾರಿಗೆ ಹೋಗಲು ಸಿದ್ಧವಾಯಿತು. ಆಗ ಅಲ್ಲಿ ಇನ್ನೂ ಸ್ವಂತ ಸರಕಾರವೇ ಸ್ಥಾಪನೆಯಾಗಿರಲಿಲ್ಲ. ಖರ್ಚಿಗೆ ಹಣವಿರಲಿಲ್ಲ. ತಲಾ 100 ವೊನ್ ಬೆಲೆಯ ಲಾಟರಿ ಚೀಟಿಗಳನ್ನು ಮಾರಿ ಜನರಿಂದಲೇ ಹಣ ಕೂಡಿಸಲಾಯಿತು. ರೈಲು, ಹಡಗು, ವಿಮಾನ ಎಂದು ಬದಲಾಯಿಸುತ್ತಾ ಸುಮಾರು ಇಪ್ಪತ್ತು ದಿನ ಪ್ರಯಾಣ ಮಾಡಿ ಕ್ರೀಡಾಪಟುಗಳು ಲಂಡನನ್ನು ತಲಪಿದರು. ಉದ್ಘಾಟನೆಯ ಮೆರವಣಿಗೆಯಲ್ಲಿ ಕೊರಿಯಾದ ಧ್ವಜ ಹಿಡಿದು ಮುಂದೆ ನಡೆದವರು ಅದೇ ಸೋನ್ ಕೀ ಚುಂಗ್. ಕಾಲ್ಚೆಂಡಿನ ತಂಡದಲ್ಲಿ ಎಲ್ಲರಿಗಿಂತ ಹಿರಿಯರು ಕಿಮ್ ಯೋಂಗ್ ಸಿಕ್. ಆಗ ಅವರಿಗೆ 38 ವರ್ಷ.

ಆಗಸ್ಟ್ 2ರಂದು ಮೆಕ್ಸಿಕೋವನ್ನು ಕೊರಿಯಾ 5-3ರಿಂದ ಸೋಲಿಸಿತು. ಸ್ವಂತ ಹೆಸರಿನಲ್ಲಿ ಆಡಿದ ಮೊದಲ ಒಲಿಂಪಿಕ್ ಪಂದ್ಯದಲ್ಲಿಯೇ ಗೆಲವು. ಮೂರು ದಿನಗಳ ಮೇಲೆ ಎದುರಾದುದು ಸ್ವೀಡನ್. ಹನ್ನೆರಡು ವರ್ಷಗಳ ಹಿಂದೆ ಪರರ ಅಂಗಿ ತೊಟ್ಟು ಯೋಂಗ್ ಸಿಕ್ ಸೋಲಿಸಿದ್ದ ಅದೇ ಸ್ವೀಡನ್! ಈ ಸಲ ಫಲಿತಾಂಶ 12-0. ಸ್ವೀಡನ್ ಮುಂದೆ ಚಿನ್ನವನ್ನೇ ಗೆದ್ದಿತು. ಪರರಿಗಾಗಿ ಗೆದ್ದ ಎದುರಾಳಿಗೆ ತನ್ನವರಿಗಾಗಿ ಆಡುವಾಗ ಸೋಲುವುದು ಮನುಷ್ಯನ ಮನಸ್ಸಿಗೆ ಎಷ್ಟು ನೋವನ್ನುಂಟುಮಾಡೀತು ಎಂದು ಊಹಿಸಬಹುದು.

ಅದೇ ಲಂಡನಿನಲ್ಲಿ ಅದೇ ವಾರ ನಮ್ಮ ಸ್ವತಂತ್ರ ಭಾರತದ ತಂಡವೂ ಮೊದಲ ಬಾರಿಗೆ ಆಡಿತು. ಜುಲೈ 31ರಂದು ಫ್ರಾನ್ಸಿನ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿ 2-1ರಿಂದ ಸೋತರು. ನಮ್ಮ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನವರೇ ಆದ ಅಹಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಆಗ ನಮ್ಮ ತಂಡ ಕೊರಿಯಾಕ್ಕೆ ಯಾವ ರೀತಿಯಲ್ಲಿಯೂ ಕಡಿಮೆಯಾಗಿರಲಿಲ್ಲ. ಎರಡು ದೇಶಗಳೂ ಒಂದೇ ಮೆಟ್ಟಿಲಲ್ಲಿ ನಿಂತಿದ್ದುವು. ಈ ಸಂಗತಿಯನ್ನು ನೆನಪಿನಲ್ಲಿಡಿ.

1950ರ ಜೂನ್ 25ರಂದು ಕೊರಿಯಾದಲ್ಲಿ ಯುದ್ಧ ಸಿಡಿಯಿತು. ಅಣ್ಣತಮ್ಮಂದಿರ ನಡುವೆ ನಡೆದ ಈ ಯುದ್ಧ ಮೂರು ವರ್ಷಗಳವರೆಗೆ ಉರಿದು ಲಕ್ಷಗಟ್ಟಲೆ ಜನರನ್ನು ಬಲಿತೆಗೆದುಕೊಂಡಿತು. ಉತ್ತರದಲ್ಲಿಯೇ ಉಳಿದಿದ್ದ ತಂದೆ ಕಿಮ್ ಇಕ್ ದು ಅವರು ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಸೈನಿಕರ ಗುಂಡಿಗೆ ತುತ್ತಾದರು. ಮಗನಿದ್ದುದು ಗಡಿಯ ಈಚೆ. ಆಟದ ಬಯಲುಗಳು ಹಾಳುಬಿದ್ದುವು. ಆಟಗಾರರು ಸೈನ್ಯ ಸೇರಿದರು. ಇಂತಹ ಕಾಲದಲ್ಲಿಯೂ ಯೋಂಗ್ ಸಿಕ್ ಚೆಂಡನ್ನು ಬಿಡಲಿಲ್ಲ. 1952ರಲ್ಲಿ, ತಮ್ಮ 42ನೆಯ ವಯಸ್ಸಿನಲ್ಲಿ ಆಟವನ್ನು ನಿಲ್ಲಿಸಿ ಪೂರ್ಣವಾಗಿ ತರಬೇತಿಗೆ ಇಳಿದರು.

1953ರ ಜುಲೈ 27ರಂದು ಯುದ್ಧ ನಿಂತಿತು. ವರ್ಷ ತುಂಬುವುದರೊಳಗೆ ಕೊರಿಯಾ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳಲ್ಲಿತ್ತು. ಎದುರಾಳಿ ಜಪಾನ್. ಜಪಾನಿನ ತಂಡ ಕೊರಿಯಾದ ನೆಲದಲ್ಲಿ ಕಾಲಿಡುವುದನ್ನು ಅಧ್ಯಕ್ಷ ಸಿಂಗ್‌ಮನ್ ರೀ ಒಪ್ಪಲಿಲ್ಲ. ಆದುದರಿಂದ ಎರಡೂ ಪಂದ್ಯಗಳು 1954ರ ಮಾರ್ಚಿನಲ್ಲಿ ಟೋಕಿಯೋದಲ್ಲಿಯೇ ನಡೆದವು. ಲೀ ಯೂ ಹ್ಯೋಂಗ್ ಅವರ ತರಬೇತಿಯಲ್ಲಿ ಕೊರಿಯಾ ಮೊದಲನೆಯದನ್ನು 5-1ರಿಂದ ಗೆದ್ದು, ಎರಡನೆಯದನ್ನು 2-2ರಲ್ಲಿ ಸಮಮಾಡಿತು. ಪೂರ್ವ ಏಷ್ಯಾದಿಂದ ವಿಶ್ವಕಪ್ಪಿಗೆ ಹೋದ ಮೊದಲ ತಂಡ ಅದು. ಸ್ವಿಟ್ಜರ್ಲೆಂಡಿಗೆ ತಂಡವನ್ನು ಕರೆದೊಯ್ಯುವ ಹೊಣೆ ಕಿಮ್ ಯೋಂಗ್ ಸಿಕ್ ಅವರ ಹೆಗಲಿಗೆ ಬಂತು.

ಆ ಪ್ರಯಾಣವೇ ಒಂದು ಕಥೆ. ಎಲ್ಲರಿಗೂ ಒಂದೇ ವಿಮಾನದಲ್ಲಿ ಜಾಗ ಸಿಗದೆ ತಂಡ ಎರಡು ಗುಂಪುಗಳಾಗಿ ಹೊರಟಿತು. ಊರಿಂದೂರಿಗೆ ಇಳಿದು ಹತ್ತಿ, ನಿದ್ದೆಗೆಟ್ಟು ಮೊದಲ ಗುಂಪು ಜ್ಯೂರಿಚ್ ನಗರವನ್ನು ತಲಪಿದುದು ಪಂದ್ಯದ ಹಿಂದಿನ ರಾತ್ರಿ. ಮರುದಿನ, ಅಂದರೆ 1954ರ ಜೂನ್ 17ರಂದು, ಎದುರಿಗೆ ನಿಂತುದು ಹಂಗೆರಿ. ಪುಷ್ಕಾಶ್, ಕೊಚಿಷ್, ಚಿಬೋರ್ ಮೊದಲಾದ ದಿಗ್ಗಜರ ತಂಡ. 1950ರಿಂದ ಅದನ್ನು ಯಾರೂ ಸೋಲಿಸಿರಲಿಲ್ಲ. ಹಿಂದಿನ ತಿಂಗಳಷ್ಟೇ ಅದು ಇಂಗ್ಲೆಂಡನ್ನು 7-1ರಿಂದ ಬಗ್ಗುಬಡಿದಿತ್ತು. ಅಂತಹವರ ಎದುರು ದಣಿದ ಕಾಲುಗಳು ಎಷ್ಟು ಹೊತ್ತು ನಿಂತಾವು? ಗೋಲ್‌ಕೀಪರ್ ಹೊಂಗ್ ದೋಕ್ ಯೋಂಗ್ ಎಷ್ಟೋ ಚೆಂಡುಗಳನ್ನು ಎದೆಯೊಡ್ಡಿ ತಡೆದರು. ಕೆಲವು ಆಟಗಾರರು ಸ್ನಾಯು ಸೆಳೆತದಿಂದ ಬಯಲಿನಲ್ಲಿಯೇ ಕುಸಿದರು. ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. 9-0. ಜೂನ್ 20ರಂದು ಜಿನೀವಾದಲ್ಲಿ ಟರ್ಕಿಯ ಎದುರು 7-0. ಅಲ್ಲಿಗೆ ಮುಗಿಯಿತು.

ಬರ್ಲಿನ್, ಲಂಡನ್, ಸ್ವಿಟ್ಜರ್ಲೆಂಡ್ ಮೂರನ್ನೂ ಸೇರಿಸಿ ಲೆಕ್ಕ ಹಾಕೋಣ. ಯೋಂಗ್ ಸಿಕ್ ಅವರ ತಂಡಗಳು ಈ ಆರು ಪಂದ್ಯಗಳಲ್ಲಿ ಹೊಡೆದ ಗೋಲುಗಳು 8. ಬಿಟ್ಟುಕೊಟ್ಟ ಗೋಲುಗಳು 41. ಅಂಕಪಟ್ಟಿಯನ್ನು ಮಾತ್ರ ನೋಡುವವರು ಇಲ್ಲಿಗೇ ಪುಸ್ತಕವನ್ನು ಮುಚ್ಚುತ್ತಾರೆ. ಆದರೆ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಅದೇ ಪಂದ್ಯಾವಳಿಯಲ್ಲಿ ಅದೇ ಹಂಗೆರಿಗೆ ಪಶ್ಚಿಮ ಜರ್ಮನಿ 8-3ರಿಂದ ಸೋತಿತ್ತು. ಎರಡು ವಾರಗಳ ಬಳಿಕ ಅಂತಿಮ ಪಂದ್ಯದಲ್ಲಿ ಹಂಗೆರಿಯನ್ನು 3-2ರಿಂದ ಸೋಲಿಸಿ ಕಪ್ಪನ್ನು ಎತ್ತಿಕೊಂಡುದೂ ಅದೇ ಜರ್ಮನಿ. ಜರ್ಮನಿಗೆ ಕಲಿತುಕೊಳ್ಳಲು ಎರಡು ವಾರ ಸಾಕಾಯಿತು. ಕೊರಿಯಾಕ್ಕೆ ಬಹಳ ವರ್ಷ ಬೇಕಾಯಿತು. ಯುದ್ಧದಲ್ಲಿ ಬೂದಿಯಾಗಿದ್ದ ದೇಶವದು ಎಂಬುದನ್ನು ಮರೆಯಬಾರದು.

ಸೋತು ಬಂದ ತಂಡದವರು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಮೊದಲ ಏಷ್ಯಾ ಕಪ್ ಪಂದ್ಯಾವಳಿ 1956ರಲ್ಲಿ ಹಾಂಗ್‌ಕಾಂಗಿನಲ್ಲಿ ನಡೆದಾಗ ಗೆದ್ದುದು ಕೊರಿಯಾ. 1960ರಲ್ಲಿ ಸಿಯೋಲಿನಲ್ಲಿ ಎರಡನೆಯ ಬಾರಿಯೂ ಗೆದ್ದುದು ಕೊರಿಯಾವೇ. ಈ ಗೆಲವುಗಳಿಗೆ ತರಬೇತುದಾರರು ಬೇರೆಯವರು. ಯೋಂಗ್ ಸಿಕ್ ಅವರು ತಮ್ಮ ಪಾಡಿಗೆ ಎಳೆಯರಿಗೆ ಕಲಿಸುತ್ತಾ ಹೋದರು. ತರಬೇತಿಯ ಕೆಲಸ ನಮ್ಮ ಉಪಾಧ್ಯಾಯರ ಕೆಲಸದಂತೆಯೇ. ಹತ್ತಿಪ್ಪತ್ತು ವರ್ಷಗಳ ಮೇಲೆ, ಬೇರೆ ಯಾವುದೋ ಊರಿನಲ್ಲಿ, ಯಾರದೋ ಕೈಯಲ್ಲಿ ಅದರ ಫಲ ಕಾಣಿಸಿಕೊಳ್ಳುತ್ತದೆ. ಅಷ್ಟು ಕಾಯುವ ತಾಳ್ಮೆಯಿದ್ದವರು ಮಾತ್ರ ಅದನ್ನು ಮಾಡಬಲ್ಲರು.

ನಡುವೆ ನಮ್ಮ ದೇಶದ ಒಂದು ಮಾತು. 1950ರ ವಿಶ್ವಕಪ್ಪಿಗೆ ಭಾರತಕ್ಕೆ ಅವಕಾಶ ಸಿಕ್ಕಿತ್ತು. ನಾವು ಹೋಗಲಿಲ್ಲ. 1962ರ ಸಪ್ಟೆಂಬರ್ 4ರಂದು ಜಕಾರ್ತದ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಭಾರತವು ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಪಡೆಯಿತು. ಪಿ. ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್ ಗೋಲು ಹೊಡೆದವರು. ಆ ತಂಡವನ್ನು ತಿದ್ದಿದ ಸಯ್ಯದ್ ಅಬ್ದುಲ್ ರಹೀಮ್ ಹೈದರಾಬಾದಿನ ಶಾಲಾ ಉಪಾಧ್ಯಾಯರಾಗಿದ್ದವರು. ಮರುವರ್ಷವೇ ಅವರು ತೀರಿಕೊಂಡರು. ಅನಂತರ ನಮ್ಮ ಆಟ ಇಳಿಮುಖವಾಯಿತು, ಕೊರಿಯಾದ ಆಟ ಏರುಮುಖವಾಯಿತು. ಒಂದೇ ಮೆಟ್ಟಿಲಲ್ಲಿ ನಿಂತಿದ್ದವರ ನಡುವೆ ಇಷ್ಟು ಅಂತರ ಬಿದ್ದುದಕ್ಕೆ ಕಾರಣಗಳು ಹಲವು. ಸೋತು ಬಂದರೂ ಮತ್ತೆ ಹೋಗುವುದನ್ನು ಅವರು ಬಿಡಲಿಲ್ಲ ಎಂಬುದು ಅವುಗಳಲ್ಲಿ ಒಂದು.

1980ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯಾದ ಮೊದಲ ವೃತ್ತಿಪರ ಕಾಲ್ಚೆಂಡಿನ ತಂಡ ಹುಟ್ಟಿತು. ಕ್ರೈಸ್ತ ಆಟಗಾರರು ಸೇರಿ ಕಟ್ಟಿದ ಆ ತಂಡದ ಹೆಸರು ಹಲ್ಲೆಲೂಯಾ. ವೃತ್ತಿಪರ ತಂಡವೆಂದರೆ ಆಟವನ್ನೇ ಜೀವನೋಪಾಯವಾಗಿ ಮಾಡಿಕೊಂಡು ಸಂಬಳ ಪಡೆದು ಆಡುವವರ ತಂಡ. ಅಲ್ಲಿಯವರೆಗೆ ಅಲ್ಲಿಯ ಆಟಗಾರರು ಬ್ಯಾಂಕು, ಕಾರ್ಖಾನೆ, ಸೈನ್ಯಗಳಲ್ಲಿ ನೌಕರಿಯಲ್ಲಿದ್ದು ಅವುಗಳ ಪರವಾಗಿ ಆಡುತ್ತಿದ್ದರು. ಈ ಹೊಸ ತಂಡದ ಮೊದಲ ತರಬೇತುದಾರರಾಗಿ ನೇಮಕವಾದವರು ಕಿಮ್ ಯೋಂಗ್ ಸಿಕ್. ಆಗ ಅವರಿಗೆ ಎಪ್ಪತ್ತು ವರ್ಷ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಅವರು ಯುವಕರನ್ನು ಆಡಿಸಲು ಬಯಲಿಗೆ ಬಂದರು.

1983ರ ಮೇ 8ರಂದು ಐದು ತಂಡಗಳ ಲೀಗ್ ಪಂದ್ಯಾವಳಿ ಕೊರಿಯಾದಲ್ಲಿ ಆರಂಭವಾಯಿತು. ಮೊದಲ ವರ್ಷದ ಕಿರೀಟ ಹಲ್ಲೆಲೂಯಾ ತಂಡಕ್ಕೆ. ಅಷ್ಟರಲ್ಲಿ ತರಬೇತಿಯ ಹೊಣೆ ಹಾಮ್ ಹುಂಗ್ ಚುಲ್ ಅವರದಾಗಿತ್ತು. ಈ ಹಾಮ್ ಯಾರು ಗೊತ್ತೇ? 1954ರಲ್ಲಿ ಯೋಂಗ್ ಸಿಕ್ ಅವರು ಸ್ವಿಟ್ಜರ್ಲೆಂಡಿಗೆ ಕರೆದೊಯ್ದ ತಂಡದಲ್ಲಿ ಹೆಚ್ಚುವರಿ ಗೋಲ್‌ಕೀಪರ್ ಆಗಿದ್ದ ತರುಣ. ಗುರು ಹಾಕಿದ ಅಡಿಪಾಯದ ಮೇಲೆ ಶಿಷ್ಯ ಮನೆ ಕಟ್ಟಿದ್ದರು.

1985ರ ಮಾರ್ಚ್ 8ರಂದು ಕಿಮ್ ಯೋಂಗ್ ಸಿಕ್ ತೀರಿಕೊಂಡರು. ಆಗ ಅವರಿಗೆ 74 ವರ್ಷ. ಅದೇ ವರ್ಷದ ನವಂಬರ್ 3ರಂದು ಸಿಯೋಲಿನಲ್ಲಿ ಕೊರಿಯಾ ಜಪಾನನ್ನು 1-0ರಿಂದ ಸೋಲಿಸಿ 1986ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. 1954ರ ಬಳಿಕ 32 ವರ್ಷಗಳಿಗೆ ಒದಗಿದ ಅವಕಾಶ ಅದು. ನೋಡಲು ಅವರಿರಲಿಲ್ಲ. ಎಂಟು ತಿಂಗಳು ಹೆಚ್ಚು ಬದುಕಿದ್ದರೆ ಆ ಸಂತೋಷ ಅವರದೂ ಆಗುತ್ತಿತ್ತು. ಮೆಕ್ಸಿಕೋದಲ್ಲಿ 1986ರ ಜೂನ್ 2ರಂದು ಅರ್ಜೆಂಟೀನಾದ ಎದುರು ಪಾರ್ಕ್ ಚಾಂಗ್ ಸುನ್ ಹೊಡೆದುದು ವಿಶ್ವಕಪ್ಪಿನಲ್ಲಿ ಕೊರಿಯಾದ ಮೊದಲ ಗೋಲು. ಮೊದಲ ಗೆಲವಿಗೆ ಇನ್ನೂ ಕಾಯಬೇಕಾಯಿತು. ಅದು ಬಂದುದು 2002ರ ಜೂನ್ 4ರಂದು ಬುಸಾನಿನಲ್ಲಿ, ಪೋಲೆಂಡಿನ ಎದುರು. ಯೋಂಗ್ ಸಿಕ್ ಅವರ 9-0ಕ್ಕೂ ಈ ಗೆಲವಿಗೂ ನಡುವೆ 48 ವರ್ಷ. ಎರಡು ವಾರಗಳಲ್ಲಿ ಅದೇ ತಂಡವು ಇಟಲಿಯನ್ನು ಸೋಲಿಸಿ, ಅನಂತರ ಸೆಮಿಫೈನಲನ್ನೂ ತಲಪಿತು. 1936ರಲ್ಲಿ ಯೋಂಗ್ ಸಿಕ್ ಆಡಿದ ತಂಡಕ್ಕೆ 8 ಗೋಲು ಹೊಡೆದಿದ್ದ ಇಟಲಿ!

ವಿದ್ಯಾರ್ಥಿಗಳೇ, ಪರೀಕ್ಷೆಯ ಫಲಿತಾಂಶ ಬಂದ ದಿನ ಕೆಲವರು ಅಳುತ್ತಾ ಮನೆಗೆ ಹೋಗುವುದನ್ನು ನಾವು ಪ್ರತಿವರ್ಷ ನೋಡುತ್ತೇವೆ. ತಾಲೂಕು ಮಟ್ಟದ ಪಂದ್ಯದಲ್ಲಿ ಸೋತ ತಂಡದವರು ಮರುದಿನ ಆಟದ ಬಯಲಿನ ಕಡೆಗೆ ಮುಖ ಹಾಕದಿರುವುದನ್ನೂ ನೋಡಿದ್ದೇವೆ. ತಂದೆತಾಯಂದಿರಲ್ಲಿಯೂ ನಮ್ಮದೊಂದು ವಿನಂತಿ. ಮಗುವಿನ ಕೈಯಲ್ಲಿರುವ ಅಂಕಪಟ್ಟಿ ಆ ವರ್ಷದ ಲೆಕ್ಕ ಮಾತ್ರ. ಒಂಬತ್ತು ಗೋಲುಗಳ ಸೋಲಿನ ಬಳಿಕ ಊರಿಗೆ ಮರಳಿ, ಮಾರನೆಯ ವರ್ಷವೂ ಚೆಂಡನ್ನು ಹಿಡಿದು ಹುಡುಗರನ್ನು ಕರೆದ ಒಬ್ಬರ ಬದುಕನ್ನು ಅವರಿಗೆ ಓದಿ ಹೇಳಿರಿ. ನಮ್ಮ ಶಾಲೆಯ ಬಯಲು ಚಿಕ್ಕದು. ಮಳೆಗಾಲದಲ್ಲಿ ಅರ್ಧ ನೀರು ನಿಲ್ಲುತ್ತದೆ. ಆದರೂ ಸಂಜೆಯ ಗಂಟೆ ಬಾರಿಸಿದ ಬಳಿಕ ಅಲ್ಲಿ ಚೆಂಡಿನ ಸದ್ದು ಕೇಳುತ್ತಿರಬೇಕೆಂದು ನಾವು ಹಾರೈಸುತ್ತೇವೆ.